ಅಲೆಯುವ ಹೊತ್ತು, ತಡೆಯುವ ಹೊತ್ತು

(ಮಾತಾಡುವವರು ಇಬ್ಬರು. ಒಬ್ಬರು ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಡಂ. ಇನ್ನೊಬ್ಬ ಅವರ ಹಳೆಯ ವಿದ್ಯಾರ್ಥಿ. ಡಾಕ್ಟರಿಕೆ ಬಿಟ್ಟು ಟಿ.ವಿ. ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತಾನೆ. ಜಾಗ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ.)

— ಮೇಡಂ, ನಮ್ಮ ಯೋಗದ ಕ್ಲಾಸಿನಲ್ಲಿ ಒಂದು ಕರಪತ್ರ ಹಂಚಿದ್ದಾರೆ. ಗಮನವಿಟ್ಟು ಆಸನ ಮಾಡಿದರೆ ಬಲ ಮಿದುಳು ಎಚ್ಚರಗೊಳ್ಳುತ್ತಂತೆ, ಸೃಜನಶೀಲತೆ ಇಮ್ಮಡಿ ಆಗುತ್ತಂತೆ.

— ಎಡದ್ದು ಅಷ್ಟು ಹೊತ್ತು ಏನು ಮಾಡುತ್ತಂತೆ? ರೋಜರ್ ಸ್ಪೆರಿ ಬಗ್ಗೆ ನಿನಗೂ ಪಾಠ ಮಾಡಿದ್ದೀನಿ. ಮೂರ್ಛೆರೋಗ ಹತೋಟಿಗೆ ಬಾರದ ಕೆಲವರಿಗೆ ಮಿದುಳಿನ ಎರಡು ಹೋಳುಗಳನ್ನು ಜೋಡಿಸೋ ನರಸೇತುವೆ ಕತ್ತರಿಸ್ತಿದ್ದರು. ಸ್ಪೆರಿ ಅಂಥವರನ್ನು ಪರೀಕ್ಷಿಸಿ, ಒಂದೊಂದು ಹೋಳಿಗೆ ಒಂದೊಂದು ಕೆಲಸದಲ್ಲಿ ಕೈ ಮುಂದು ಅಂತ ತೋರಿಸಿದರು. 1981ರಲ್ಲಿ ನೊಬೆಲ್ ಬಂತು. ಜನ ಅದನ್ನು ಎಳೆದು ಎಳೆದು, ಎಡಕ್ಕೆ ಲೆಕ್ಕ, ಬಲಕ್ಕೆ ಕವಿತೆ ಅಂತ ಆಸ್ತಿ ಪಾಲು ಮಾಡಿಬಿಟ್ಟರು. ನಿನ್ನ ಸೇತುವೆ ಯಾರೂ ಕತ್ತರಿಸಿಲ್ಲ. ಒಂದು ಸಾಲು ಬರೆಯೋಕೂ ಎರಡೂ ದುಡೀತವೆ. ಆ ಕರಪತ್ರ ಮಡಚಿ ಜೇಬಿಗೆ ಹಾಕಿಕೋ.

— ಕರಪತ್ರ ಹೋಗಲಿ. ಆದರೆ ಬೆಳಗ್ಗೆ ಅಭ್ಯಾಸ ಮಾಡಿದ ದಿನ ನನಗೆ ಮಾತು ಸಲೀಸಾಗಿ ಬರೋದು ಸುಳ್ಳಲ್ಲ ಮೇಡಂ. ನಿನ್ನೆ ಒಂದು ಇಡೀ ದೃಶ್ಯ ಹೊಳೀತು.

— ಯಾವಾಗ ಹೊಳೀತು? ಆಸನದಲ್ಲಿದ್ದಾಗಲಾ, ಮುಗಿದ ಮೇಲಾ?

— ಆಸನದಲ್ಲಿ ಎಲ್ಲಿ ಬರುತ್ತೆ? ವೃಕ್ಷಾಸನದಲ್ಲಿ ಒಂಟಿ ಕಾಲಲ್ಲಿ ನಿಂತಾಗ ಅತ್ತೆ ಏನನ್ನಬೇಕು, ಸೊಸೆ ಏನನ್ನಬೇಕು ಅಂತ ಯೋಚಿಸಿದರೆ ಬೀಳ್ತೀನಿ. ಚಾಪೆ ಸುತ್ತಿಟ್ಟು ಮನೆ ಕಡೆ ನಡೀತಿದ್ದಾಗ ಬಂತು.

— ಹಾಗಾದರೆ ನಿನ್ನ ಪ್ರಶ್ನೆ ಎರಡು ಹೋಳಾಯಿತು. ಗಮನ ಇಟ್ಟು ಮಾಡಿದ್ದು ಒಂದು ಕೆಲಸ, ಗಮನ ಬಿಟ್ಟು ನಡೆದದ್ದು ಇನ್ನೊಂದು. ಕರಪತ್ರ ಎರಡನ್ನೂ ಒಂದೇ ಲೋಟಕ್ಕೆ ಸುರಿದಿದೆ. ಮೊದಲು ನಡಿಗೆ ತಗೋ, ಅದಕ್ಕೆ ಒಳ್ಳೆಯ ಪ್ರಯೋಗ ಇದೆ. 2014ರಲ್ಲಿ ಸ್ಟಾನ್‌ಫರ್ಡಿನ ಮರಿಲಿ ಒಪ್ಪೆಜ್ಜೊ ಮತ್ತು ಡೇನಿಯಲ್ ಶ್ವಾರ್ಟ್ಸ್ ಮಾಡಿದ್ದು. ಜನರನ್ನು ಕೂರಿಸಿ ಒಂದು ಸಲ, ಟ್ರೆಡ್‌ಮಿಲ್ ಮೇಲೆ ನಡೆಸಿ ಒಂದು ಸಲ ಪರೀಕ್ಷೆ ಕೊಟ್ಟರು. ಪರೀಕ್ಷೆ ಸುಲಭ: ಒಂದು ಸಾಮಾನ್ಯ ವಸ್ತುವಿನ ಹೆಸರು ಹೇಳಿ, ಇದನ್ನು ಇನ್ನೇನಕ್ಕೆಲ್ಲಾ ಬಳಸಬಹುದು ಅಂತ ಕೇಳೋದು. ಗಿಲ್‌ಫರ್ಡ್ ಅನ್ನೋ ಮನಶ್ಶಾಸ್ತ್ರಜ್ಞರ ಹಳೆಯ ಪರೀಕ್ಷೆ ಅದು. ನಮ್ಮಲ್ಲಾದರೆ ತೆಂಗಿನ ಚಿಪ್ಪು ಅಂತ ಇಟ್ಟುಕೋ.

— ಸೌಟು, ಭಿಕ್ಷಾಪಾತ್ರೆ, ಗುಂಡಿ, ಮಕ್ಕಳ ಟೆಲಿಫೋನು, ಇಲಿಗೆ ಈಜುಕೊಳ…

— ನಡೀತಿದ್ದೀಯಲ್ಲ, ಬರ್ತಾ ಇದೆ ನೋಡು! ಅವರಿಗೂ ಹಾಗೇ ಆಯಿತು. ಕೂತಾಗಿನದಕ್ಕಿಂತ ನಡೀತಿದ್ದಾಗ ಇಂಥ ಹೊಸ ಉಪಾಯಗಳು ಸರಾಸರಿ ಶೇ 60ರಷ್ಟು ಹೆಚ್ಚು. ಟ್ರೆಡ್‌ಮಿಲ್ ಎದುರಿಗೆ ಇದ್ದದ್ದು ಖಾಲಿ ಗೋಡೆ. ಅಂದರೆ ಕೆರೆ, ಮರ, ಹಕ್ಕಿ, ತಂಗಾಳಿ ಯಾವುದಕ್ಕೂ ಆ ಶ್ರೇಯಸ್ಸು ಸಲ್ಲಲ್ಲ, ಕಾಲಿಗೇ ಸಲ್ಲಬೇಕು. ನಡೆದು ಬಂದು ಕೂತ ಮೇಲೂ ಸ್ವಲ್ಪ ಹೊತ್ತು ಆ ಹರಿವು ಉಳಿದಿತ್ತು. ನಿನ್ನ ನಿನ್ನೆಯ ದೃಶ್ಯ ಈ ಖಾತೆಗೆ ಸೇರಿದ್ದು.

— ಇದೇ ಏರಿ ಮೇಲೆ ಕುವೆಂಪು ಓಡಾಡ್ತಿದ್ದದ್ದು ಸುಮ್ಮನೆ ಅಲ್ಲ ಅನ್ನಿ.

— ಅಲ್ಲ. ಆದರೆ ದಿನಾ ಇಲ್ಲಿ ಎಷ್ಟು ಜನ ಸುತ್ತು ಹಾಕ್ತಾರೆ ನೋಡು, ಎಲ್ಲರೂ ಮಹಾಕಾವ್ಯ ಬರೆದರಾ? ಒಳಗೆ ಸರಕು ಇರಬೇಕು. ಹ್ಯಾಮಿಲ್ಟನ್ ಅನ್ನೋ ಐರಿಷ್ ಗಣಿತಜ್ಞ 1843ರ ಅಕ್ಟೋಬರ್ 16ರಂದು ಡಬ್ಲಿನ್ನಿನ ಕಾಲುವೆ ದಂಡೆ ಮೇಲೆ ಹೆಂಡತಿ ಜೊತೆ ನಡೆದು ಹೋಗ್ತಿದ್ದಾಗ ಕ್ವಾಟರ್ನಿಯನ್ ಸೂತ್ರ ಹೊಳೀತು. ಅಲ್ಲೇ ಸೇತುವೆ ಕಲ್ಲಿನ ಮೇಲೆ ಚಾಕುವಿನಿಂದ ಕೆತ್ತಿದ. ಕಥೆ ಹೇಳೋರು ಇಷ್ಟಕ್ಕೇ ನಿಲ್ಲಿಸ್ತಾರೆ. ಹದಿನೈದು ವರ್ಷದಿಂದ ಆ ಸಮಸ್ಯೆ ತನ್ನನ್ನು ಕಾಡ್ತಿತ್ತು ಅಂತ ಅವನೇ ಮುಂದೆ ಗಣಿತಜ್ಞ ಟೇಟ್‌ಗೆ ಬರೆದಿದ್ದಾನೆ.

— ಸರಿ, ಇನ್ನು ಮೇಲೆ ಬರೆಯೋದೆಲ್ಲಾ ನಡೀತಾನೇ.

— ತಾಳು. ಅದೇ ಪ್ರಯೋಗದಲ್ಲಿ ಇನ್ನೊಂದು ಪರೀಕ್ಷೆ ಇತ್ತು, ಅದರ ಬಗ್ಗೆ ಕರಪತ್ರದವರು ಮಾತಾಡಲ್ಲ. ಮೂರು ಪದ ಕೊಟ್ಟು, ಮೂರಕ್ಕೂ ಹೊಂದೋ ಒಂದೇ ಪದ ಹುಡುಕೋದು. ಅರಮನೆ, ಪಾಕ, ಮಲ್ಲಿಗೆ: ಏನು?

— ಮೈಸೂರು!

— ಇದು ತುಂಬಾ ಸುಲಭದ್ದಾಯಿತು, ಅಲ್ಲಿ ಕಷ್ಟದ್ದು ಕೊಟ್ಟಿದ್ದರು. ಇಂಥದ್ದರಲ್ಲಿ ನಡೀತಿದ್ದವರು ಕೂತವರಿಗಿಂತ ಸ್ವಲ್ಪ ಹಿಂದೆ ಬಿದ್ದರು. ಹತ್ತು ದಾರಿ ತೆರೆಯೋಕೆ ನಡಿಗೆ ಒಳ್ಳೇದು, ಒಂದೇ ಬಾಗಿಲು ಹುಡುಕೋಕೆ ಅಷ್ಟು ಒಳ್ಳೇದಲ್ಲ. ನೀನು ಬರೆದದ್ದನ್ನು ತಿದ್ದೋಕೆ ಕೂರಲೇಬೇಕು.

— ನಮ್ಮ ನಿರ್ದೇಶಕರು ಸೆಟ್ಟಿನಲ್ಲಿ ನಿಂತುಕೊಂಡೇ ತಿದ್ದಿಸ್ತಾರೆ.

— ಅದು ಧಾರಾವಾಹಿ ನೋಡಿದರೇ ಗೊತ್ತಾಗುತ್ತೆ ಬಿಡು.

(ಇಲ್ಲಿ ಇಬ್ಬರೂ ಒಂದು ಕಲ್ಲುಬೆಂಚಿನ ಮೇಲೆ ಕೂತರು. ಮಾತು ಗಟ್ಟಿಯಾದದ್ದು ಕೂತ ಮೇಲೆ. ಪ್ರಯೋಗ ಹೇಳಿದ್ದಕ್ಕೆ ತಕ್ಕಂತೆಯೇ ಇದೆ.)

— ಆದರೆ ಮೇಡಂ, ಸ್ಟಾನ್‌ಫರ್ಡಿನವರು ಗಮನವಿಟ್ಟು ನಡೀರಿ ಅಂದಿದ್ದರಾ? ಹೆಜ್ಜೆ ಎಲ್ಲಿ ಬೀಳುತ್ತೆ, ಉಸಿರು ಎಲ್ಲಿದೆ ಅಂತ?

— ಅಲ್ಲೇ ಇರೋದು ತೊಡಕು. ಅವರ ಗಮನ ಚಿಪ್ಪಿನ ಮೇಲೆ, ಕಾಲು ತನ್ನ ಪಾಡಿಗೆ ತಾನು. ಹಾಗೆ ಕಾಲು ತಾನಾಗಿ ನಡೀತಿದ್ದಾಗ ಮನಸ್ಸು ಅಲೆಯುತ್ತೆ. ಮಿದುಳು ನಮ್ಮ ತೂಕದಲ್ಲಿ ನೂರಕ್ಕೆ ಎರಡು ಭಾಗ, ಆದರೆ ಶಕ್ತಿಯಲ್ಲಿ ಸುಮಾರು ಇಪ್ಪತ್ತು ಭಾಗ ತಿನ್ನುತ್ತೆ. ಸುಮ್ಮನೆ ಕೂತಾಗಲೂ ಆ ಖರ್ಚು ಹೆಚ್ಚು ಇಳಿಯಲ್ಲ. ಯಾಕೆ ಅಂತ ಹುಡುಕ್ತಾ ಹೋದ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ಒಂದು ಜಾಲವನ್ನು ಗುರುತಿಸಿದರು. ಹೊರಗಿನ ಕೆಲಸ ಕೊಟ್ಟ ಕೂಡಲೇ ತಣ್ಣಗಾಗುತ್ತೆ, ಕೆಲಸ ಬಿಟ್ಟ ಕೂಡಲೇ ಚುರುಕಾಗುತ್ತೆ. ನೆನಪು, ನಾಳೆಯ ಚಿಂತೆ, ಬೇರೆಯವರು ನನ್ನ ಬಗ್ಗೆ ಏನಂದುಕೊಂಡರೋ ಅನ್ನೋದು, ಕಟ್ಟುಕಥೆ ಎಲ್ಲಾ ಅಲ್ಲೇ.

— ಅಂದರೆ ನನ್ನ ಅನ್ನದ ಬಟ್ಟಲು ಆ ಜಾಲ.

— ಹೂಂ. ಈಗ ಇದನ್ನು ಕೇಳು. 2011ರಲ್ಲಿ ಯೇಲ್‌ನ ಜಡ್ಸನ್ ಬ್ರೂವರ್ ತಂಡ ವರ್ಷಗಟ್ಟಲೆ ಧ್ಯಾನ ಮಾಡಿದವರನ್ನು ಸ್ಕ್ಯಾನರಿನಲ್ಲಿ ನೋಡಿತು. ಧ್ಯಾನದ ಹೊತ್ತಿನಲ್ಲಿ ಅದೇ ಜಾಲದ ಮುಖ್ಯ ಭಾಗಗಳು ಹೊಸಬರಿಗಿಂತ ಅವರಲ್ಲಿ ತಣ್ಣಗಿದ್ದವು. ಗಮನ ಕೂಡಿಸಿದಷ್ಟೂ ಅಲೆದಾಟ ಕಡಿಮೆ. ನಿನ್ನ ಗುರುಗಳು ಉಸಿರಿನ ಮೇಲೆ ಮನಸ್ಸಿಡು ಅಂದಾಗ, ಸಂಭಾಷಣೆಕಾರನಾದ ನಿನ್ನ ಅಂಗಡಿಗೆ ಅಷ್ಟು ಹೊತ್ತು ಬಾಗಿಲು ಹಾಕಿಸ್ತಿದ್ದಾರೆ.

— ಹಾಗಾದರೆ ಯೋಗ ಬಿಡಬೇಕಾ?

— ಯಾಕೆ ಬಿಡ್ತೀಯೋ! ಗಮನ ಅನ್ನೋದು ಒಂದೇ ಬಗೆಯದಲ್ಲ. ಹಾಲೆಂಡಿನ ಲೈಡನ್ನಿನಲ್ಲಿ ಲೊರೆಂಜಾ ಕೊಲ್ಜಾಟೊ 2012ರಲ್ಲಿ ಧ್ಯಾನ ಬಲ್ಲವರನ್ನೇ ಕರೆದು ಎರಡು ಬಗೆ ಮಾಡಿಸಿದರು. ಒಂದು, ಒಂದೇ ವಸ್ತುವಿಗೆ ಮನಸ್ಸನ್ನು ಕಟ್ಟೋದು. ಇನ್ನೊಂದು, ಏನು ಬಂದರೂ ಬರಲಿ ಅಂತ ಸುಮ್ಮನೆ ಗಮನಿಸ್ತಾ ಇರೋದು. ಎರಡನೆಯದಾದ ಮೇಲೆ ತೆಂಗಿನ ಚಿಪ್ಪಿನಂಥ ಪರೀಕ್ಷೆಯಲ್ಲಿ ಹೆಚ್ಚು ಉತ್ತರ ಬಂತು, ಮೊದಲನೆಯದರಲ್ಲಿ ಅಂಥ ಲಾಭ ಕಾಣಲಿಲ್ಲ. ಭಾಗವಹಿಸಿದವರು ಕಡಿಮೆ, ಅದಕ್ಕೆ ನಾನು ಇದನ್ನು ಶಿಲಾಶಾಸನ ಅನ್ನಲ್ಲ.

— ನಮ್ಮದು ಇಲ್ಲಿನ ಗೋಕುಲ ಬಡಾವಣೆಯ ಅಷ್ಟಾಂಗ ಶೈಲಿ. ಉಸಿರಿಗೊಂದು ಚಲನೆ, ಕ್ರಮ ತಪ್ಪೋ ಹಾಗಿಲ್ಲ. ಅದು ಯಾವ ಬಗೆ?

— ಅದರ ಬೇರು ಇದೇ ಊರಿನದು. ಚಿತ್ರದುರ್ಗದ ಕಡೆಯ ಕೃಷ್ಣಮಾಚಾರ್ಯರಿಗೆ ನಾಲ್ವಡಿಯವರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಮಾಡಿಕೊಟ್ಟರು. 1934ರಲ್ಲಿ ಅವರ ಪುಸ್ತಕ 'ಯೋಗ ಮಕರಂದ' ಬಂತು, ಕನ್ನಡದಲ್ಲಿ. ಇವತ್ತು ಗೋಕುಲದಲ್ಲಿ ಬಾಡಿಗೆ ಮನೆ ಹಿಡಿದಿರೋ ವಿದೇಶಿಯರಲ್ಲಿ ಎಷ್ಟು ಜನಕ್ಕೆ ಅದು ಗೊತ್ತೋ! ಕೃಷ್ಣಮಾಚಾರ್ಯರ ಶಿಷ್ಯ ಪಟ್ಟಾಭಿ ಜೋಯಿಸರು ಬೆಳೆಸಿದ ಕ್ರಮದಲ್ಲಿ ಆಸನಗಳ ಸರಣಿ ಮೊದಲೇ ಗೊತ್ತು ಮಾಡಿದ್ದು. ಒಂದೇ ಕೋಣೆಯಲ್ಲಿ ಒಬ್ಬೊಬ್ಬರು ಅವರವರ ಉಸಿರಿನ ವೇಗಕ್ಕೆ ಮಾಡ್ತಾರೆ. ಮುಂದೇನು ಅಂತ ನೀನು ತೀರ್ಮಾನಿಸೋ ಹಾಗೇ ಇಲ್ಲ. ತೀರ್ಮಾನದ ಹೊರೆ ಇಳಿದ ಮೇಲೆ ಉಳಿಯೋದು, ನಿನ್ನೆ ಸಲೀಸಾಗಿ ಬಂದ ಭಂಗಿ ಇವತ್ತು ಎಲ್ಲಿ ಹಿಡಿದುಕೊಳ್ತಿದೆ ಅನ್ನೋ ಗಮನ ಮಾತ್ರ.

— ಆ ಗಮನದಿಂದ ಬರಹಗಾರನಿಗೆ ಏನು ಸಿಗುತ್ತೆ?

— ಅದನ್ನು ಮಾತಲ್ಲಿ ಹೇಳಿದರೆ ನೀನು ನಂಬಲ್ಲ. ನೆಟ್ಟಗೆ ಕೂತುಕೋ. ಸೊಂಟದಿಂದ ಮೇಲೆ ನಿಧಾನವಾಗಿ ಬಲಕ್ಕೆ ತಿರುಗು, ಬಲವಂತ ಬೇಡ. ಕಣ್ಣು ಎಲ್ಲಿಗೆ ಮುಟ್ಟಿತು?

— ಆ ಹಳದಿ ಬೋರ್ಡಿನವರೆಗೆ.

— ವಾಪಸ್ ಬಾ. ಈಗ ಮೈ ಬಲಕ್ಕೆ ತಿರುಗಲಿ, ಕಣ್ಣು ಮಾತ್ರ ಎಡಕ್ಕೆ ಹೋಗಲಿ. ಅವಸರ ಬೇಡ, ಹಲ್ಲು ಕಚ್ಚಬೇಡ. ಇನ್ನೆರಡು ಸಲ.

— ವಿಚಿತ್ರ. ಕಣ್ಣು ತಾನಾಗೇ ಬಲಕ್ಕೆ ಎಳೀತಿದೆ.

— ಎಳೆಯುತ್ತೆ, ಚಿಕ್ಕಂದಿನಿಂದ ಎರಡೂ ಒಟ್ಟಿಗೇ ಹೋಗಿವೆ. ಈಗ ಎಲ್ಲಾ ಒಟ್ಟಿಗೇ ಬಲಕ್ಕೆ ತಿರುಗಿಸು. ಎಲ್ಲಿಗೆ ಬಂತು?

— ಬೋರ್ಡು ದಾಟಿತು ಮೇಡಂ! ಆಚೆ ಬಿದಿರುಮೆಳೆ ಕಾಣ್ತಿದೆ.

— ನಿನ್ನ ಸ್ನಾಯು ಎರಡು ನಿಮಿಷದಲ್ಲಿ ಉದ್ದ ಆಗಲಿಲ್ಲ. ಸ್ವಲ್ಪ ಭಾಗ ಮೈ ಬಿಸಿಯಾದದ್ದರಿಂದ, ಅದನ್ನು ಒಪ್ಪಬೇಕು. ಉಳಿದದ್ದು, ಕಣ್ಣು-ಕತ್ತು-ಭುಜ ಅನ್ನೋ ಹಳೇ ಕಟ್ಟನ್ನು ಬಿಚ್ಚಿದ್ದರಿಂದ. ಈ ಪಾಠ ಮೋಶೆ ಫೆಲ್ಡೆನ್‌ಕ್ರೈಸ್ ಅವರ ದಾರಿಯದು. ಈಗಿನ ಉಕ್ರೇನಿನಲ್ಲಿ 1904ರಲ್ಲಿ ಹುಟ್ಟಿದವರು. ಪ್ಯಾರಿಸಿನಲ್ಲಿ ಜೊಲಿಯೊ-ಕ್ಯೂರಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಭೌತಶಾಸ್ತ್ರಜ್ಞ, ಜೂಡೋ ಪಟು. ಮೊಣಕಾಲು ಕೆಟ್ಟಿತ್ತು, ಶಸ್ತ್ರಚಿಕಿತ್ಸೆಯ ಫಲದ ಬಗ್ಗೆ ಖಾತ್ರಿ ಇರಲಿಲ್ಲ. ತಾನೇ ನೆಲದ ಮೇಲೆ ಮಲಗಿ, ಸಣ್ಣ ಸಣ್ಣ ಚಲನೆ ಮಾಡಿ, ಯಾವುದು ಯಾವುದನ್ನು ಎಳೆಯುತ್ತೆ ಅಂತ ನೋಡ್ತಾ ಹೋದರು. ಮುಂದೆ ಇಸ್ರೇಲಿನ ಪ್ರಧಾನಿ ಬೆನ್ ಗುರಿಯನ್ ಅವರಿಗೆ ಎಪ್ಪತ್ತು ದಾಟಿದ ಮೇಲೆ ಶೀರ್ಷಾಸನ ಕಲಿಸಿದ್ದೂ ಇವರೇ.

— ಸಣ್ಣ ಚಲನೆಯೇ ಯಾಕೆ? ಜೋರಾಗಿ ಮಾಡಿದರೆ ಇನ್ನೂ ಬೇಗ ಬರಲ್ವಾ?

— ವೆಬರ್ ನಿಯಮ ನೆನಪಿದೆಯಾ? ತಲೆ ಮೇಲೆ ಇಪ್ಪತ್ತೈದು ಕೆ.ಜಿ. ಅಕ್ಕಿಮೂಟೆ ಇದ್ದಾಗ ಅದರ ಮೇಲೆ ಒಂದು ನಿಂಬೆಹಣ್ಣು ಇಟ್ಟರೆ ಗೊತ್ತಾಗಲ್ಲ. ಅಂಗೈ ಮೇಲೆ ಬರೀ ಕಾಗದ ಇದ್ದಾಗ ಇಟ್ಟರೆ ಗೊತ್ತಾಗುತ್ತೆ. ಹೊರೆ ಹೆಚ್ಚಿದಷ್ಟೂ ಸಣ್ಣ ವ್ಯತ್ಯಾಸ ಕಾಣದೇ ಹೋಗುತ್ತೆ. ಫೆಲ್ಡೆನ್‌ಕ್ರೈಸ್ ತಮ್ಮ ವಿಧಾನವನ್ನೇ ಇದರ ಮೇಲೆ ಕಟ್ಟಿದರು. ಪ್ರಯತ್ನ ಕಡಿಮೆ ಮಾಡು, ವ್ಯತ್ಯಾಸ ತಾನಾಗೇ ಕಾಣುತ್ತೆ. ವ್ಯತ್ಯಾಸ ಕಂಡಾಗಲೇ ನರಮಂಡಲ ಇನ್ನೊಂದು ದಾರಿ ಹಿಡಿಯೋದು. ಗಟ್ಟಿಯಾಗಿ ಯೋಚಿಸಿ ಬರೆಯೋಕೆ ಹೊರಟವನಿಗೆ ಹೊಸದೇನೂ ಯಾಕೆ ಹೊಳೆಯಲ್ಲ ಅನ್ನೋದಕ್ಕೆ ಇದೇ ಕಾರಣ ಅಂತ ಹೇಳೋ ಆಸೆ ನನಗೂ ಆಗುತ್ತೆ. ಆದರೆ ಅದು ನನ್ನ ಊಹೆ, ಯಾರೂ ಸಾಬೀತು ಮಾಡಿದ್ದಲ್ಲ ಅಂತ ಸೇರಿಸಿಕೋ.

— ಸೇರಿಸಿಕೊಂಡೆ.

— ಅಲೆಕ್ಸಾಂಡರ್ ಕಥೆ ಇನ್ನೂ ನಿನಗೆ ಹತ್ತಿರದ್ದು. ಎಫ್.ಎಂ. ಅಲೆಕ್ಸಾಂಡರ್, ಟಾಸ್ಮೇನಿಯಾದಲ್ಲಿ ಹುಟ್ಟಿದ ನಟ. ಷೇಕ್ಸ್‌ಪಿಯರ್ ವಾಚನ ಮಾಡೋದು ಕಸುಬು. ವೇದಿಕೆ ಮೇಲೆ ಗಂಟಲು ಕೈಕೊಡ್ತಿತ್ತು. ಡಾಕ್ಟರು ವಿಶ್ರಾಂತಿ ಅಂದರು. ವಿಶ್ರಾಂತಿ ಆದ ಮೇಲೆ ವೇದಿಕೆ ಹತ್ತಿದರೆ ಮತ್ತೆ ಅದೇ. ಕನ್ನಡಿ ಇಟ್ಟುಕೊಂಡು ತನ್ನನ್ನೇ ನೋಡಿಕೊಂಡ. ಮಾತು ಶುರು ಮಾಡೋ ಮುಂಚೆಯೇ ತಲೆ ಹಿಂದಕ್ಕೆ ಎಳೆದು ಗಂಟಲು ಒತ್ತುತ್ತಿದ್ದಾನೆ! ಸರಿಪಡಿಸೋಕೆ ಹೋದರೆ ಇನ್ನಷ್ಟು ಹಾಳು. ಕೊನೆಗೆ ಕಂಡುಕೊಂಡದ್ದು ಇಷ್ಟೇ: ಸಾಲು ಹೇಳಬೇಕು ಅನ್ನಿಸಿದ ಕ್ಷಣ, ಹೇಳದೆ ಒಂದು ಗಳಿಗೆ ತಡೆಯೋದು. ತಡೆದಾಗ ಹಳೇ ಎಳೆತ ಶುರುವಾಗಲ್ಲ. ಆಮೇಲೆ ಹೇಳಬಹುದು, ಬಿಡಬಹುದು, ಕೈ ಎತ್ತಬಹುದು. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ವಿಜ್ಞಾನಿ ಟಿನ್‌ಬರ್ಗನ್ 1973ರಲ್ಲಿ ನೊಬೆಲ್ ಸ್ವೀಕರಿಸಿದಾಗ ತಮ್ಮ ಭಾಷಣದ ಒಳ್ಳೆಯ ಪಾಲನ್ನು ಈ ಮನುಷ್ಯನಿಗೆ ಮೀಸಲಿಟ್ಟರು. ಸಭೆಯಲ್ಲಿದ್ದ ವಿಜ್ಞಾನಿಗಳು ಹುಬ್ಬೇರಿಸಿರಬೇಕು.

— ನನ್ನ ಗಂಟಲು ಸರಿ ಇದೆ. ಆದರೆ ಈಗ ಅರ್ಥ ಆಯಿತು ಮೇಡಂ. ಸೊಸೆ ಬಾಗಿಲಲ್ಲಿ ನಿಂತಿದ್ದಾಳೆ ಅಂತ ಬರೆದ ಕೂಡಲೇ ಅತ್ತೆ ಬಾಯಲ್ಲಿ ಒಂದು ಸಾಲು ಸಿದ್ಧವಾಗಿ ಬಂದು ಕೂರುತ್ತೆ. ಸಾವಿರ ಸಲ ಬಂದದ್ದೇ. ಅದು ನನ್ನ ಕತ್ತಿನ ಎಳೆತ.

— ಅದಕ್ಕೇ ಹೇಳಿದ್ದು, ಅಲೆಯೋದು ಬೇರೆ ಹೊತ್ತು, ತಡೆಯೋದು ಬೇರೆ ಹೊತ್ತು ಅಂತ. ಅಲೆದಾಟ ನಿನಗೆ ರಾಶಿ ತಂದು ಹಾಕುತ್ತೆ. ಚಾಪೆ ಮೇಲೆ ನೀನು ಕಲಿಯೋದು, ತಾನಾಗಿ ಬರೋ ಮೊದಲನೆಯದಕ್ಕೆ ಜಾಗ ಬಿಟ್ಟುಕೊಡದೆ ಒಂದು ಉಸಿರು ಕಾಯೋದನ್ನ. 2018ರಲ್ಲಿ ರೋಜರ್ ಬೀಟಿ ಮತ್ತು ಸಂಗಡಿಗರು ಒಂದು ವಿಷಯ ತೋರಿಸಿದರು. ಅಲೆದಾಡೋ ಜಾಲ, ಹತೋಟಿಯ ಜಾಲ ಸಾಮಾನ್ಯವಾಗಿ ಒಂದು ಎದ್ದರೆ ಇನ್ನೊಂದು ಕೂರುತ್ತೆ. ಹೊಸ ಉಪಾಯ ಹೊಳೆಯಿಸೋದರಲ್ಲಿ ಮುಂದಿರೋರಲ್ಲಿ, ಯಾವುದು ಗಮನಕ್ಕೆ ಅರ್ಹ ಅಂತ ಆರಿಸೋ ಮೂರನೆಯ ಜಾಲವೂ ಸೇರಿ, ಅವುಗಳ ನಡುವಿನ ಸಂಪರ್ಕ ಗಟ್ಟಿ. ಯೋಗ ಮಾಡಿದರೆ ಆ ಸಂಪರ್ಕ ಬೆಳೆಯುತ್ತಾ ಅಂತ ಆ ಅಧ್ಯಯನ ಕೇಳಿಲ್ಲ. ಕರಪತ್ರಕ್ಕೆ ಅದನ್ನು ಹಾಕಬೇಡ.

— ಆಸನ ಮಾಡ್ತಾ ಮಧ್ಯೆ ಮಧ್ಯೆ ಸುಮ್ಮನೆ ಮಲಗಿಸ್ತಾರಲ್ಲ, ಅದಕ್ಕೆ ಏನಾದರೂ ಅರ್ಥ ಇದೆಯಾ?

— ಇದೆ, ಅದು ನಮ್ಮ ನಾಡಿನಲ್ಲೇ ಅಳೆದದ್ದು. ಬೆಂಗಳೂರಿನಲ್ಲಿ ಎಚ್.ಆರ್. ನಾಗೇಂದ್ರ ಅವರ ಬಳಗ ಆವರ್ತನ ಧ್ಯಾನ ಅಂತ ಒಂದು ಕ್ರಮ ರೂಪಿಸಿದೆ. ನಿಧಾನದ ಆಸನ, ಆಮೇಲೆ ಮಲಗಿ ವಿಶ್ರಾಂತಿ, ಮತ್ತೆ ಆಸನ. ಮಾಂಡೂಕ್ಯ ಕಾರಿಕೆಯ ವಿಚಾರವೊಂದು ಅದಕ್ಕೆ ಆಧಾರ. ಶರ್ಲಿ ಟೆಲ್ಲೆಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಳತೆಯಲ್ಲಿ, ಈ ಕ್ರಮದ ನಂತರ ಆಮ್ಲಜನಕದ ಬಳಕೆ ಶೇ 32ರಷ್ಟು ಇಳಿದಿತ್ತು. ಬರೀ ಶವಾಸನದಲ್ಲಿ ಮಲಗಿದ ನಂತರ ಶೇ 10ರಷ್ಟು. ಮೈ ಒಂದಿಷ್ಟು ದುಡಿದ ಮೇಲೆ ಬಂದ ವಿಶ್ರಾಂತಿ ಆಳವಾದದ್ದು. ಇಡೀ ದಿನ ಕುರ್ಚಿಯಲ್ಲಿ ಕೂತು, ರಾತ್ರಿ ಮಲಗಿದರೂ ತಲೆ ಆರಲ್ಲ ಅನ್ನೋ ನಿನ್ನಂಥವರು ಇದನ್ನು ಓದಬೇಕು.

— ಮಿದುಳು ದಪ್ಪ ಆಗುತ್ತೆ ಅಂತಾರಲ್ಲ? ಅದು ನಿಜವಾ?

— ಯಾವುದರಿಂದ ಅಂತ ಕೇಳು. 2004ರಲ್ಲಿ ಜರ್ಮನಿಯಲ್ಲಿ ಕೆಲವರಿಗೆ ಮೂರು ತಿಂಗಳು ಚೆಂಡೆಸೆದು ಹಿಡಿಯೋ ಜಗ್ಲಿಂಗ್ ಕಲಿಸಿದರು. ಚಲನೆಯನ್ನು ಕಣ್ಣಿಂದ ಗ್ರಹಿಸೋ ಭಾಗ ಸ್ವಲ್ಪ ದಪ್ಪಗಾಗಿತ್ತು. ಅಭ್ಯಾಸ ನಿಲ್ಲಿಸಿ ಮೂರು ತಿಂಗಳಾದಾಗ ಇಳಿದಿತ್ತು. 2011ರಲ್ಲಿ ಎರಿಕ್ಸನ್ ತಂಡ 120 ವಯಸ್ಸಾದವರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿತು. ಬಿರುಸಾಗಿ ನಡೆದವರಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಶೇ 2ರಷ್ಟು ಹಿಗ್ಗಿತು. ಮೈ ಚಾಚೋ, ಸಡಿಲಿಸೋ ವ್ಯಾಯಾಮ ಮಾಡಿದ ಇನ್ನೊಂದು ಗುಂಪಿನಲ್ಲಿ ವಯಸ್ಸಿಗೆ ತಕ್ಕ ಹಾಗೆ ಕುಗ್ಗಿತು. ಅಂದರೆ ಹಿಗ್ಗಿಸಿದ್ದು ಏದುಸಿರು, ನಿಧಾನದ ಚಲನೆ ಅಲ್ಲ. ಎಂಟು ವಾರದ ಮೈಂಡ್‌ಫುಲ್‌ನೆಸ್ ಕೋರ್ಸಿನಿಂದ ಮಿದುಳಿನ ರಚನೆ ಬದಲಾಗುತ್ತೆ ಅಂತ ಮೊದಲು ಬಹಳ ಸದ್ದಾಗಿತ್ತು. 2022ರಲ್ಲಿ ವಿಸ್ಕಾನ್ಸಿನ್ನಿನವರು ದೊಡ್ಡದಾಗಿ, ಕಟ್ಟುನಿಟ್ಟಾಗಿ ಮತ್ತೆ ಮಾಡಿ ನೋಡಿದಾಗ ಅಂಥದ್ದೇನೂ ಕಾಣಲಿಲ್ಲ. ಗಮನದ ಅಭ್ಯಾಸ ಒಳ್ಳೇದು ಅನ್ನೋಕೆ ಮಿದುಳಿನ ದಪ್ಪದ ಸಾಕ್ಷಿ ಯಾಕೆ ಬೇಕೋ ನನಗೆ ಗೊತ್ತಾಗಲ್ಲ. ಹಾಡು ಕಲಿತರೆ ಗಂಟಲು ಎಷ್ಟು ಮಿಲಿಮೀಟರ್ ಬೆಳೀತು ಅಂತ ಯಾರಾದರೂ ಕೇಳ್ತಾರಾ?

— ಮೇಡಂ, ನನ್ನದೊಂದು ಆಕ್ಷೇಪಣೆ. ತಾಳಮದ್ದಳೆ. ಅರ್ಥಧಾರಿಗಳು ಗೆಜ್ಜೆ ಕಟ್ಟಲ್ಲ, ಕುಣಿಯಲ್ಲ, ಚಕ್ಕಳಮಕ್ಕಳ ಹಾಕಿ ಕೂತಲ್ಲೇ ಕೂತು ಗಂಟೆಗಟ್ಟಲೆ ಆಶುವಾಗಿ ವಾದ ಮಾಡ್ತಾರೆ. ಅವರ ಒಂದು ರಾತ್ರಿಯ ಮಾತು ನನ್ನ ಒಂದು ತಿಂಗಳ ಕಂತಿಗೆ ಸಮ. ಕಾಲು ಆಡಿದರೆ ತಾನೇ ಮಾತು ಹುಟ್ಟೋದು?

— ಒಳ್ಳೇ ಪೆಟ್ಟು ಕೊಟ್ಟೆ. ಚಲನೆ ಇಲ್ಲದೆ ಕಲ್ಪನೆ ಹುಟ್ಟಲ್ಲ ಅಂತ ಯಾರಾದರೂ ಅಂದರೆ ಅವರನ್ನು ಒಂದು ಕೂಟಕ್ಕೆ ಕರೆದುಕೊಂಡು ಹೋಗು. ಆದರೆ ಅವರ ಕೈ ನೋಡಿದ್ದೀಯಾ? ಸುಸಾನ್ ಗೋಲ್ಡಿನ್-ಮೆಡೋ ಅನ್ನೋರು 2001ರಲ್ಲಿ ತೋರಿಸಿದರು, ಗಣಿತ ವಿವರಿಸೋವಾಗ ಕೈ ಆಡಿಸಿದವರಿಗೆ ಅದೇ ಹೊತ್ತಿನಲ್ಲಿ ಬೇರೆ ಪಟ್ಟಿಯೊಂದನ್ನು ನೆನಪಿಟ್ಟುಕೊಳ್ಳೋದು ಸುಲಭ ಆಯಿತು ಅಂತ. ಕೈ ಸ್ವಲ್ಪ ಹೊರೆ ಹೊತ್ತುಕೊಳ್ಳುತ್ತೆ. ಇನ್ನೊಂದು, 2008ರಲ್ಲಿ ಚಾರ್ಲ್ಸ್ ಲಿಂಬ್ ಆರು ಜನ ಜಾಝ್ ಪಿಯಾನೊ ವಾದಕರನ್ನು ಸ್ಕ್ಯಾನರಿನೊಳಗೇ ನುಡಿಸೋಕೆ ಹೇಳಿದರು. ಕಂಠಪಾಠದ ಸಂಗೀತ ನುಡಿಸಿದಾಗಿನದಕ್ಕಿಂತ ಮನೋಧರ್ಮದಿಂದ ನುಡಿಸಿದಾಗ, ತಪ್ಪು ಹುಡುಕ್ತಾ ಕಾವಲು ಕಾಯೋ ಮುಂಭಾಗದ ಒಂದು ಪಾಲು ತಣ್ಣಗಾಗಿತ್ತು. ಆದರೆ ಅವರೆಲ್ಲಾ ವೃತ್ತಿಯವರು, ವರ್ಷಗಟ್ಟಲೆ ಸಾಧನೆ ಮಾಡಿದವರು. ಕಾವಲುಗಾರನನ್ನು ಮನೆಗೆ ಕಳಿಸೋ ಧೈರ್ಯ ಅಂಥವರಿಗೆ ಮಾತ್ರ. ಅರ್ಥಧಾರಿಯೂ ಹಾಗೇ; ಪುರಾಣ, ಪ್ರಸಂಗ ಎಲ್ಲಾ ಅರೆದು ಕುಡಿದವನು.

— ಹಾಗಾದರೆ ನನ್ನ ದಿನಚರಿ ನೀವೇ ಹೇಳಿ. ಮೊದಲು ಚಾಪೆ, ಆಮೇಲೆ ನಡಿಗೆ, ಆಮೇಲೆ ಬರಹ?

— ಮಾಡಿ ನೋಡು. ನಡಿಗೆಯಲ್ಲಿ ಕಿವಿಗೆ ಏನೂ ಸಿಕ್ಕಿಸಿಕೊಳ್ಳಬೇಡ. ಬಂದದ್ದನ್ನು ನಡೀತಾನೇ ಫೋನಿಗೆ ಹೇಳಿಕೋ, ತೂಗಿ ನೋಡಬೇಡ. ತಿದ್ದೋದು ತಿಂಡಿ ಆದ ಮೇಲೆ, ಕುರ್ಚಿಯಲ್ಲಿ. ಇದು ವಿಜ್ಞಾನದ ಆಜ್ಞೆ ಅಂತ ಯಾರಿಗೂ ಹೇಳಬೇಡ. ಪ್ರಯೋಗಗಳ ನಡುವಿನ ಜಾಗದಲ್ಲಿ ನಾನು ಹಾಕಿದ ಲೆಕ್ಕ.

— ಕೊನೆಯದೊಂದು. ನಮ್ಮ ಮನೆ ಕಟ್ಟೋ ಗಾರೆಯವರು ಬೆಳಗಿಂದ ಸಂಜೆ ಮೈ ಬಗ್ಗಿಸ್ತಾರೆ. ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟೋರ ಬೆರಳು ನಿಲ್ಲೋದೇ ಇಲ್ಲ. ಈ ಲೆಕ್ಕದಲ್ಲಿ ಅವರಿಗಿಂತ ಸೃಜನಶೀಲರು ಯಾರೂ ಇರಬಾರದು.

— ಸ್ಟಾನ್‌ಫರ್ಡಿನಲ್ಲಿ ನಡೆದವರಲ್ಲಿ ಹೆಚ್ಚಿನವರು ಕಾಲೇಜು ಹುಡುಗರು. ಮೈ ದುಡಿಸದೆ ಬದುಕೋರ ಪ್ರಶ್ನೆಗಳಿಗೆ ಮೈ ದುಡಿಸದವರನ್ನೇ ಪರೀಕ್ಷೆ ಮಾಡಿದ ಉತ್ತರ ಇದು. ಗಾರೆ ಮೇಸ್ತ್ರಿಗೆ ದಣಿವು ಬೇರೆ, ಕೂಲಿಯ ಅವಸರ ಬೇರೆ. ಗಮನ ಇಡು, ನಿಧಾನ ಮಾಡು ಅನ್ನೋಕೆ ಅವನ ದಿನದಲ್ಲಿ ಸಂದು ಎಲ್ಲಿದೆ? ಆದರೂ ಮೂಲೆ ಮಟ್ಟಕ್ಕೆ ಕೂರದೆ ಹೋದಾಗ ಅವನು ಅರ್ಧ ಇಟ್ಟಿಗೆ, ಒಂದು ತುಂಡು ತಗಡು ಇಟ್ಟುಕೊಂಡು ಏನೋ ಒಂದು ಮಾಡ್ತಾನಲ್ಲ, ಅದಕ್ಕೆ ಗಿಲ್‌ಫರ್ಡ್ ಪರೀಕ್ಷೆಯಲ್ಲಿ ಅಂಕ ಇಲ್ಲ.

— ಅಂಕ ಇಲ್ಲದಿದ್ದರೆ ಏನು, ಅದನ್ನು ನಾನು ಒಂದು ದೃಶ್ಯ ಮಾಡಬಹುದು.

— ಮಾಡು. ಅದರಲ್ಲಿ ಅತ್ತೆನ ತರಬೇಡ.